ಮೂಗು ಮುಟ್ಟದೆ ತೆಗೆದ ಮೂಗಿನ ಸ್ಯಾಂಪಲ್: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನಿಂದ ಬರೆಯುತ್ತಿದ್ದೇನೆ. ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ ನಮ್ಮದು. ನಾನು ಕೇಳುತ್ತಿರುವುದು ಇಷ್ಟೇ. ಜ್ವರ, ಕೆಮ್ಮು, ಉಬ್ಬಸ ಅಂತ ಬಂದವರಿಗೆ ವೈರಸ್ ಪರೀಕ್ಷೆ ಮಾಡುವಾಗ ಸ್ಯಾಂಪಲ್ಲನ್ನು ಸರಿಯಾದ ಜಾಗದಿಂದ ತೆಗೆಸಿ. ಎಲ್ಲಿಂದ ತೆಗೆದಿರೋ ಅದನ್ನೇ ರಿಪೋರ್ಟಿನಲ್ಲಿ ಬರೆಸಿ. ಇದಕ್ಕೆ ಹೊಸ ಯೋಜನೆ ಬೇಡ, ಶಂಕುಸ್ಥಾಪನೆ ಬೇಡ, ಫ್ಲೆಕ್ಸ್ ಅಂತೂ ಬೇಡವೇ ಬೇಡ.

ಇದನ್ನು ಆಸ್ಪತ್ರೆಯಲ್ಲಿ ಬಾಯಲ್ಲಿ ಹೇಳಿ ನೋಡಿದೆ. ಬರೆದುಕೊಟ್ಟೂ ನೋಡಿದೆ. ಅರ್ಜಿಗೆ ಸೀಲು ಬಿತ್ತು, ಉತ್ತರ ಬರಲಿಲ್ಲ. ಅದಕ್ಕೇ ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ.

ಹೋದ ಮಳೆಗಾಲದಲ್ಲಿ ನಮ್ಮಮ್ಮನಿಗೆ ಜ್ವರ ಬಂತು. ವಯಸ್ಸು 68, ಜೊತೆಗೆ ಸಕ್ಕರೆ ಕಾಯಿಲೆ. ಜೀವಮಾನವೆಲ್ಲ ಬೇಸಿನ್ ಮುಂದೆ ಕೂತು ಬಿಸಿನೀರಿನಲ್ಲಿ ಗೂಡು ಬಿಡಿಸಿದವಳು, ಕೆಮ್ಮು ಅವಳಿಗೆ ಹೊಸದಲ್ಲ. ಆದರೆ ಈ ಸಲ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ನಮ್ಮ ಜಿಲ್ಲೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೆಸರು ಹೇಳುವುದಿಲ್ಲ, ಕಾರಣ ಕೊನೆಗೆ ಹೇಳುತ್ತೇನೆ.

ಡಾಕ್ಟರು ಒಳ್ಳೆಯವರು. ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, ಎಚ್1ಎನ್1 (ಹಂದಿ ಜ್ವರ ಅನ್ನುವ ಫ್ಲೂ) ಇರಬಹುದು, ಸ್ವಾಬ್ (ಕಡ್ಡಿಯಿಂದ ಸವರಿ ತೆಗೆದ ಸ್ಯಾಂಪಲ್) ಕಳಿಸಿ ಎಂದು ಚೀಟಿ ಬರೆದರು. ಫ್ಲೂಗೆ ಕೊಡುವ ಟ್ಯಾಮಿಫ್ಲೂ ಮಾತ್ರೆಯನ್ನೂ ಅವತ್ತೇ ಶುರು ಮಾಡಿದರು. ಇಲ್ಲಿಯವರೆಗೆ ಎಲ್ಲ ಸರಿ.

ಸ್ಯಾಂಪಲ್ ತೆಗೆದದ್ದು ಕಾರಿಡಾರಿನಲ್ಲಿ. ಒಬ್ಬ ಹುಡುಗ ಬಂದ. ಒಂದು ಕೈಯಲ್ಲಿ ಫೋನು. "ಬಾಯಿ ಆ ಅನ್ನಮ್ಮಾ" ಅಂದ. ಅಮ್ಮ ಆ ಅನ್ನುವಷ್ಟರಲ್ಲಿ ಕಡ್ಡಿ ನಾಲಿಗೆಗೆ ತಾಗಿ, ಕೆನ್ನೆಯ ಒಳಭಾಗ ಸವರಿ ಹೊರಗೆ ಬಂದಿತ್ತು. ಅಮ್ಮನಿಗೆ ಓಕರಿಕೆ ಕೂಡ ಬರಲಿಲ್ಲ. ಗಂಟಲ ಹಿಂಗೋಡೆಗೆ ನಿಜವಾಗಿ ಕಡ್ಡಿ ತಾಗಿದ್ದರೆ ಸಾಮಾನ್ಯವಾಗಿ ಓಕರಿಕೆ ಬರುತ್ತದೆ, ಅಲ್ವಾ? ಮೂಗಿನ ಹತ್ತಿರವಂತೂ ಕಡ್ಡಿ ಹೋಗಲೇ ಇಲ್ಲ. "ಮೂಗಿಂದ ಬೇಡ್ವಾ?" ಅಂತ ಕೇಳಿದೆ. "ಅಜ್ಜಿಗೆ ನೋವಾಗುತ್ತೆ ಬಿಡಿ ಸಾರ್" ಅಂದ. ಎಂಥ ಕರುಣೆ ನೋಡಿ! ಕಡ್ಡಿ ಮುರಿದು ಹಾಕಿದ ಟ್ಯೂಬನ್ನು ಕಿಟಕಿಯ ಕಟ್ಟೆ ಮೇಲಿಟ್ಟ, ಪಕ್ಕದಲ್ಲಿ ಟೀ ಲೋಟ. ನಾವು ಔಷಧಿ ತೆಗೆದುಕೊಂಡು, ಊಟ ಮುಗಿಸಿ ವಾಪಸ್ ಬಂದಾಗಲೂ ಆ ಟ್ಯೂಬು ಅಲ್ಲೇ ಇತ್ತು. ಬಿಸಿಲು ಮಾತ್ರ ಅದರ ಮೇಲಕ್ಕೆ ಸರಿದಿತ್ತು.

ರಿಪೋರ್ಟ್ ಬಂತು. ನೆಗೆಟಿವ್. ಅದರ ಮೇಲೆ ಸ್ಯಾಂಪಲ್ಲಿನ ವಿಧ ಅಂತ ಒಂದು ಸಾಲು ಇರುತ್ತದೆ, ನೋಡಿರುತ್ತೀರಿ. ಅಲ್ಲಿ ಅಚ್ಚುಕಟ್ಟಾಗಿ ಪ್ರಿಂಟಾಗಿತ್ತು: ನೇಸೋಫಾರಿಂಜಿಯಲ್ ಮತ್ತು ಥ್ರೋಟ್ ಸ್ವಾಬ್. ಮೂಗನ್ನೇ ಮುಟ್ಟದೆ ಮೂಗಿನ ಹಿಂಭಾಗದ ಸ್ಯಾಂಪಲ್! ಇಂಥ ವಿದ್ಯೆಯನ್ನು ನಿಮ್ಮ ಇಲಾಖೆ ಎಲ್ಲಿ ಕಲಿಸುತ್ತದೆ ಸ್ವಾಮಿ?

ಆ ಒಂದು ಸಾಲು ಎಷ್ಟು ಕೆಲಸ ಕೆಡಿಸಿತು ಗೊತ್ತಾ? ಮರುದಿನ ಡ್ಯೂಟಿಗೆ ಬಂದ ಬೇರೆ ಡಾಕ್ಟರು ಅದನ್ನು ಓದಿ, ಮೂಗು ಗಂಟಲು ಎರಡೂ ನೆಗೆಟಿವ್, ಹಾಗಾದರೆ ಫ್ಲೂ ಅಲ್ಲ ಎಂದುಕೊಂಡರು. ಮಾತ್ರೆ ನಿಲ್ಲಿಸಿದರು. ರೇಷ್ಮೆ ಹುಳದ ಧೂಳಿನ ಅಲರ್ಜಿ ಎಂದು ಬರೆದು ಮನೆಗೆ ಕಳಿಸಿದರು. ಅವರನ್ನು ಬೈದು ಏನು ಪ್ರಯೋಜನ? ಅವರು ನಂಬಿದ್ದು ನಿಮ್ಮ ಕಾಗದವನ್ನು.

ಆಮೇಲೆ ಅಮ್ಮನ ತುಟಿ ನೀಲಿಗೆ ತಿರುಗಿತು. ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಓಡಿದೆವು. ಐಸಿಯು, ವೆಂಟಿಲೇಟರ್. ಅಲ್ಲಿ ಉಸಿರಿನ ಟ್ಯೂಬಿನಿಂದಲೇ ಒಳಗಿನ ಕಫ ಎಳೆದು ಪರೀಕ್ಷೆಗೆ ಕಳಿಸಿದರು. ಎಚ್1ಎನ್1 ಪಾಸಿಟಿವ್. ಅಮ್ಮ ಬದುಕಿದ್ದಾಳೆ. ಮನೆಯಲ್ಲಿ ಆಕ್ಸಿಜನ್ ಮಿಷನ್ ಇದೆ, ಕರೆಂಟ್ ಹೋದರೆ ನಮಗೆಲ್ಲ ಜೀವ ಹೋದಂತಾಗುತ್ತದೆ. ಒಂದು ಬೇಸಿನ್ ಮಾರಿದ್ದೇವೆ. ಸಾಲದ ಲೆಕ್ಕ ಇಲ್ಲಿ ಬರೆಯುವುದಿಲ್ಲ, ಪತ್ರ ಉದ್ದವಾಗುತ್ತದೆ.

ಅವತ್ತು ಮೂಗಿನಿಂದ ತೆಗೆದಿದ್ದರೆ ಖಂಡಿತ ಸಿಗುತ್ತಿತ್ತು ಅಂತ ನಾನು ಆಣೆ ಮಾಡುವುದಿಲ್ಲ. ವೈರಸ್ ಶ್ವಾಸಕೋಶಕ್ಕೆ ಇಳಿದ ಮೇಲೆ ಮೇಲಿನ, ಅಂದರೆ ಮೂಗು ಗಂಟಲಿನ, ಸ್ಯಾಂಪಲ್ ನೆಗೆಟಿವ್ ಬರುವುದುಂಟು, ಕೆಳಗಿನ ಕಫದಲ್ಲಿ ಮಾತ್ರ ಸಿಗುವುದುಂಟು. ಇದು ನಿಮಗೂ ಗೊತ್ತು, ನಿಮ್ಮ ಅಧಿಕಾರಿಗಳಿಗೂ ಗೊತ್ತು. ಗೊತ್ತಿದ್ದ ಮೇಲೂ ಕೆನ್ನೆ ಸವರಿದ ಕಡ್ಡಿಯ ಮೇಲೆ ಒಂದು ಜೀವವನ್ನು ನಿಲ್ಲಿಸುವುದು ಯಾವ ನ್ಯಾಯ?

ನಮ್ಮ ಗೂಡಿನ ಮಾರುಕಟ್ಟೆಗೆ ಒಮ್ಮೆ ಬನ್ನಿ. ನೂಲು ಬಿಚ್ಚುವ ಯಾವ ರೀಲರೂ ಮೇಲಿನ ನಾಲ್ಕು ಗೂಡು ನೋಡಿ ಲಾಟಿಗೆ ರೇಟು ಕೂಗುವುದಿಲ್ಲ. ಅಡಿಯವರೆಗೂ ಕೈ ಹಾಕಿ, ಗೂಡು ಎತ್ತಿ, ಅಲುಗಾಡಿಸಿ ನೋಡುತ್ತಾನೆ. ಗೂಡಿಗೆ ಇರುವ ಬೆಲೆ ನಮ್ಮ ಅಮ್ಮಂದಿರಿಗೆ ಇಲ್ವಾ?

ನಾನು ಓದಿದ್ದು ಪಿಯುಸಿ. ಆದರೆ ಐಸಿಯು ಹೊರಗಿನ ಬೆಂಚು ಬೇಕಾದಷ್ಟು ಓದಿಸುತ್ತದೆ. ಲ್ಯಾಬಿನಲ್ಲಿ ಕೆಲಸ ಮಾಡುವ ಚಿಕ್ಕಪ್ಪನ ಮಗಳನ್ನು ಕಾಡಿ ಕಾಡಿ ಕೇಳಿದೆ. 2020ರಲ್ಲಿ ಚೀನಾದಲ್ಲಿ 205 ಕೋವಿಡ್ ರೋಗಿಗಳ 1070 ಸ್ಯಾಂಪಲ್ ಹೋಲಿಸಿ ನೋಡಿದ್ದರಂತೆ. ಶ್ವಾಸಕೋಶ ತೊಳೆದು ತೆಗೆದ ದ್ರವದಲ್ಲಿ 93% ಪಾಸಿಟಿವ್, ಕಫದಲ್ಲಿ 72%, ಮೂಗಿನ ಸ್ವಾಬಿನಲ್ಲಿ 63%, ಗಂಟಲ ಸ್ವಾಬಿನಲ್ಲಿ ಬರೀ 32%. ಮೂಗಿನ ಸ್ಯಾಂಪಲ್ ಅಲ್ಲಿ 8 ಮಾತ್ರ ಇದ್ದವು, ಹಾಗಾಗಿ ಆ ಅಂಕಿಯನ್ನು ನಾನೂ ಜಾಸ್ತಿ ಎಳೆದಾಡುವುದಿಲ್ಲ. ಆದರೆ ಗಂಟಲಿನವು 398 ಇದ್ದವು. ಸರಿಯಾಗಿ ತೆಗೆದ ಗಂಟಲ ಸ್ವಾಬಿನ ಕಥೆಯೇ ಹೀಗಾದರೆ ನಮ್ಮ ಕಾರಿಡಾರಿನ ನಾಲಿಗೆ ಸ್ವಾಬಿನ ಕಥೆ ಏನು?

ಫ್ಲೂ ವಿಷಯಕ್ಕೆ ಬಂದರೂ ಅಷ್ಟೇ. ಅಮೆರಿಕದ ಸೋಂಕು ರೋಗ ತಜ್ಞರ ಸಂಘ 2018ರಲ್ಲೇ ಬರೆದಿಟ್ಟಿದೆ. ಮೇಲಿನ ಸ್ಯಾಂಪಲ್ಲುಗಳಲ್ಲಿ ಮೂಗಿನ ಹಿಂಭಾಗದ್ದೇ ಮೊದಲು. ಅದು ಆಗದಿದ್ದರೆ ಮೂಗು ಮತ್ತು ಗಂಟಲು ಎರಡನ್ನೂ ಸೇರಿಸಿ ಕಳಿಸಿ. ವೆಂಟಿಲೇಟರಿನಲ್ಲಿ ಇರುವವರಿಗೆ ಟ್ಯೂಬಿನಿಂದ ಕಫ ತೆಗೆಯಿರಿ, ಮೇಲಿನದು ನೆಗೆಟಿವ್ ಬಂದಿದ್ದರೂ ಸರಿ. ಫ್ಲೂ ರೋಗಿಗಳನ್ನು ಎ, ಬಿ, ಸಿ ವರ್ಗಗಳಾಗಿ ವಿಂಗಡಿಸುವ ನಮ್ಮ ದೇಶದ ನಿಯಮವಂತೂ ನಿಮ್ಮ ಮೇಜಿನ ಮೇಲೇ ಇರಬೇಕು. ಉಸಿರಾಟಕ್ಕೆ ತೊಂದರೆ ಇದ್ದವರು ಸಿ ವರ್ಗ, ಅವರಿಗೆ ಪರೀಕ್ಷೆ, ದಾಖಲಾತಿ, ತಕ್ಷಣ ಚಿಕಿತ್ಸೆ. ನಮ್ಮಮ್ಮ ಸಿ ವರ್ಗ. ಮಾತ್ರೆ ನಿಲ್ಲಿಸಿದ ಮೇಲೆ ಅವಳಿಗೆ ಸಿಕ್ಕಿದ್ದು ಕೆಮ್ಮಿನ ಸಿರಪ್.

ಎಲ್ಲ ಕಾಯಿಲೆಗೂ ಮೂಗೇ ಬೇಕು ಅಂತ ನಾನು ಹಟ ಹಿಡಿಯುತ್ತಿಲ್ಲ. ಹಕ್ಕಿ ಜ್ವರದ ಎಚ್5ಎನ್1 ಮನುಷ್ಯರಿಗೆ ಬಂದರೆ ಮೂಗಿಗಿಂತ ಗಂಟಲಲ್ಲೇ ಚೆನ್ನಾಗಿ ಸಿಗುತ್ತದಂತೆ. ಎಳೆ ಮಕ್ಕಳಿಗೆ ಮೂಗಿನ ಸಿಂಬಳ ಹೀರಿ ತೆಗೆಯುವ ವಿಧಾನವೂ ಇದೆ. ಕೋವಿಡ್ ಕಾಲದಲ್ಲಿ ನಾಗಪುರದ ನೀರಿ ಸಂಸ್ಥೆಯವರು ಉಪ್ಪುನೀರು ಮುಕ್ಕಳಿಸಿ ಟ್ಯೂಬಿಗೆ ಉಗುಳಿದರೆ ಸಾಕು ಅನ್ನುವ ಪರೀಕ್ಷೆ ಮಾಡಿದರು, 2021ರ ಮೇ ತಿಂಗಳಲ್ಲಿ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ ಒಪ್ಪಿಗೆಯನ್ನೂ ಕೊಟ್ಟಿತು. ಅಂದರೆ ದಾರಿಗಳು ಬೇಕಾದಷ್ಟಿವೆ. ಯಾವ ರೋಗಿಗೆ ಯಾವುದು ಅಂತ ನೋಡುವವರು ಬೇಕು. ಅಜ್ಜಿಗೆ ನೋವಾಗುತ್ತೆ ಅಂತ ಕೆನ್ನೆ ಸವರುವುದು ಇವುಗಳಲ್ಲಿ ಯಾವ ದಾರಿಯೂ ಅಲ್ಲ.

ನಾನು ಆ ಹುಡುಗನ ಕೆಲಸ ಕಳೆಯಿರಿ ಅನ್ನುತ್ತಿಲ್ಲ. ಅವನಿಗೆ ಯಾರೂ ಕಲಿಸಿಯೇ ಇಲ್ಲ ಅನಿಸುತ್ತದೆ. ಕಡ್ಡಿಯನ್ನು ಮೂಗಿನಲ್ಲಿ ಮೇಲಕ್ಕಲ್ಲ, ನೇರ ಹಿಂದಕ್ಕೆ ಬಿಡಬೇಕು. ಹಿಂದೆ ತಗುಲಿದ ಮೇಲೆ ಕೆಲವು ಸೆಕೆಂಡ್ ಇಟ್ಟು ತಿರುಗಿಸಬೇಕು. ಮರದ ಕಡ್ಡಿಯ ಹತ್ತಿ ಸ್ವಾಬ್ ಆಗುವುದಿಲ್ಲ, ನೈಲಾನ್, ಡೆಕ್ರಾನಿನಂಥ ಕೃತಕ ನೂಲಿನದೇ ಬೇಕು. ಟ್ಯೂಬನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, 72 ಗಂಟೆಯೊಳಗೆ ಲ್ಯಾಬ್ ಮುಟ್ಟಿಸಬೇಕು. ಇಷ್ಟು ಕಲಿಸಲು ಅರ್ಧ ದಿನ ಸಾಕು. ನಿಮ್ಮ ಇಲಾಖೆಯ ಒಂದು ಸನ್ಮಾನ ಸಮಾರಂಭ ಇದಕ್ಕಿಂತ ಹೆಚ್ಚು ಹೊತ್ತು ನಡೆಯುತ್ತದೆ.

ಆದ್ದರಿಂದ ಮತ್ತೆ ಅದೇ ಮಾತು. ಸ್ಯಾಂಪಲ್ಲನ್ನು ಸರಿಯಾದ ಜಾಗದಿಂದ ತೆಗೆಸಿ. ನ್ಯುಮೋನಿಯಾ ಆದವರಿಗೆ ಕಫವನ್ನೂ ಕಳಿಸಿ. ಬಾಯಿಂದ ತೆಗೆದದ್ದಕ್ಕೆ ಮೂಗು ಅಂತ ಬರೆಯುವ ಸುಳ್ಳನ್ನು ಇವತ್ತೇ ನಿಲ್ಲಿಸಿ. ಆ ಸಾಲು ಕಂಪ್ಯೂಟರಿನಲ್ಲಿ ತಾನೇ ತಾನಾಗಿ ಬರುತ್ತದೆ ಅಂತ ಒಬ್ಬರು ಸಮಜಾಯಿಷಿ ಕೊಟ್ಟರು. ತಾನಾಗಿ ಬಂದರೆ ತೆಗೆದುಹಾಕಿ! ಖಾಲಿ ಬಿಟ್ಟರೂ ಪರವಾಗಿಲ್ಲ, ಕನಿಷ್ಠ ಡಾಕ್ಟರು ಎಲ್ಲಿಂದ ತೆಗೆದಿರಿ ಅಂತ ಕೇಳುತ್ತಾರೆ.

ಎರಡೂ ರಿಪೋರ್ಟುಗಳು ನನ್ನ ಹತ್ತಿರ ಇವೆ. ನಿಮ್ಮ ಕಚೇರಿಯಿಂದ ಯಾರಾದರೂ ಕೇಳಿದರೆ ಜೆರಾಕ್ಸ್ ಮಾಡಿಸಿ ತಂದುಕೊಡುತ್ತೇನೆ. ಆಸ್ಪತ್ರೆಯ ಹೆಸರನ್ನಾಗಲಿ ನನ್ನ ಹೆಸರನ್ನಾಗಲಿ ಇಲ್ಲಿ ಬರೆದಿಲ್ಲ. ನಾಳೆ ಅಮ್ಮನಿಗೆ ಮತ್ತೆ ಉಬ್ಬಸ ಬಂದರೆ ನಾನು ಓಡಬೇಕಾದದ್ದು ಅಲ್ಲಿಗೇ, ಬೇರೆ ಆಸ್ಪತ್ರೆ ಹತ್ತಿರದಲ್ಲಿಲ್ಲ.

ಇಂತಿ,
ಶಿಡ್ಲಘಟ್ಟ ತಾಲ್ಲೂಕಿನ ಒಬ್ಬ ರೀಲರ್