ಆಧಾರ್ ಕೇಳುವವರು ಮೇಸ್ತ್ರಿಯ ಲೆಕ್ಕವನ್ನೂ ಕೇಳಲಿ

ಮಾನ್ಯ ಸಂಪಾದಕರೇ,

ಕಾಫಿ ಕೊಯ್ಲು ಶುರುವಾದರೆ ಸಾಕು, ಮೂಡಿಗೆರೆ, ಸಕಲೇಶಪುರ ಕಡೆಯ ತೋಟಗಳಿಗೆ ಬರುವ ಅಸ್ಸಾಂ ಕಾರ್ಮಿಕರೆಲ್ಲ ‘ಬಾಂಗ್ಲಾದವರು’ ಎಂಬ ಗುಲ್ಲೇಳುತ್ತದೆ. ದಾಖಲೆ ನೋಡುವುದು ಪೊಲೀಸರ ಕೆಲಸ, ನೋಡಲಿ. ಆದರೆ ಕಾರ್ಮಿಕರ ಲೈನ್ ಮನೆ ಮುಂದೆ ನಿಂತು ಆಧಾರ್ (ಅದು ಪೌರತ್ವದ ಪುರಾವೆಯೂ ಅಲ್ಲ) ಕೇಳುವ ಸಂಘಟನೆಗಳು, ಅವರನ್ನು ಕರೆತಂದ ಮೇಸ್ತ್ರಿಯ ಲೆಕ್ಕದ ಪುಸ್ತಕವನ್ನೇಕೆ ಕೇಳುವುದಿಲ್ಲ?

ಕೊಯ್ಲಿನ ಕೂಲಿ ಕೆ.ಜಿ. ಲೆಕ್ಕ. ಊರು ಬಿಡುವಾಗ ಕೊಟ್ಟ ಮುಂಗಡ, ರೈಲು ಚಾರ್ಜು, ಅಂಗಡಿ ಸಾಲ ಎಲ್ಲವನ್ನೂ ಬಟವಾಡೆಯ ದಿನ ಮೇಸ್ತ್ರಿ ಮುರಿದುಕೊಂಡರೆ, ಕೆ.ಜಿ.ಗೆ ಎಷ್ಟು ಬಿತ್ತೆಂದು ಕೊಯ್ದವನಿಗೇ ತಿಳಿಯದು. ಇದಕ್ಕೆಂದೇ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ, ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕೆಂದಿತ್ತು. ಕೂಲಿ ದರ, ಕಡಿತ, ವಾಪಸ್ ಪ್ರಯಾಣದ ಖರ್ಚು ಅದರಲ್ಲಿರಬೇಕಿತ್ತು, ಕಾರ್ಮಿಕನ ಭಾಷೆಯಲ್ಲೂ ಇರಬೇಕಿತ್ತು. ಅದಿದ್ದರೆ ಆತ ಯಾರು, ಯಾರ ಮೂಲಕ ಬಂದ ಎಂಬುದೂ ಗೊತ್ತಾಗುತ್ತಿತ್ತು. ಹೊರಗಿನವರು ಬಂದು ಕೂಲಿ ಇಳಿಯಿತೆಂಬ ಸ್ಥಳೀಯರ ಸಿಟ್ಟು ಸುಳ್ಳಲ್ಲ. ಆದರೆ ಓಡಿಸುತ್ತಾರೆಂಬ ಭಯ ಇರುವವನು ದರ ಕೇಳುವುದಿಲ್ಲ. ಅವನು ಕೇಳದಿದ್ದರೆ ಪಕ್ಕದ ಹಾಡಿಯ ಆದಿವಾಸಿಗಳಿಗೂ ಕೂಲಿ ಏರುವುದಿಲ್ಲ.

ಪೌರತ್ವದ ಪ್ರಶ್ನೆ ಎತ್ತಿ ಕಾರ್ಮಿಕರ ಬಾಯಿ ಮುಚ್ಚಿಸುವುದು ಸಿಲೋನಿನಲ್ಲೂ (ಇಂದಿನ ಶ್ರೀಲಂಕಾ) ಆದದ್ದೇ. 1947ರ ಚುನಾವಣೆಯಲ್ಲಿ ಟೀ ತೋಟದ ಭಾರತ ಮೂಲದ ತಮಿಳು ಕಾರ್ಮಿಕರು ತಮ್ಮವರನ್ನು ಗೆಲ್ಲಿಸಿಕೊಂಡರು, ಹಲವೆಡೆ ಎಡಪಕ್ಷಗಳಿಗೂ ಬಲವಾದರು. ಮರುವರ್ಷ ಅವರನ್ನು ಪೌರತ್ವದಿಂದ ಹೊರಗಿಡುವ ಕಾಯ್ದೆ ಬಂತು. 1949ರಲ್ಲಿ ಮತದ ಹಕ್ಕೂ ಹೋಯಿತು. ಭಾಷೆ ಒಂದೇ ಎಂದು ಉತ್ತರದ ಜಾಫ್ನಾದ ತಮಿಳು ಮುಖಂಡರೆಲ್ಲ ಇವರ ಬೆನ್ನಿಗೆ ನಿಂತರೇ? ತಮಿಳು ಕಾಂಗ್ರೆಸ್ಸಿನ ನಾಯಕ ಜಿ.ಜಿ. ಪೊನ್ನಂಬಲಂ 1948ರಲ್ಲೇ ಸರ್ಕಾರ ಸೇರಿ ಮಂತ್ರಿಯಾದರು. ಅದೇ ಪಕ್ಷದ ಚೆಲ್ವನಾಯಕಂ ಮಾತ್ರ ಸಿಡಿದೆದ್ದು ಬೇರೆ ಪಕ್ಷ ಕಟ್ಟಿದರು. 1952ರ ಸಂಸತ್ತಿಗೆ ತೋಟದವರ ಪರ ಒಬ್ಬರೂ ಆರಿಸಿ ಬರಲಿಲ್ಲ. ಕಂಪನಿ ತೋಟಗಳು ಮಾತ್ರ 1975ರವರೆಗೂ ಕಂಪನಿಗಳ ಕೈಯಲ್ಲೇ ಇದ್ದವು. 1964ರಲ್ಲಿ ಎರಡೂ ದೇಶಗಳ ಪ್ರಧಾನಿಗಳಾದ ಶಾಸ್ತ್ರಿ, ಸಿರಿಮಾವೊ ಮಾಡಿಕೊಂಡ ಒಪ್ಪಂದದಲ್ಲಿ ಇವರಲ್ಲಿ 5,25,000 ಜನರನ್ನು ಭಾರತದ ಪಾಲಿಗೆ ಲೆಕ್ಕ ಹಾಕಿದರು. ಹಾಗೆ ಬಂದವರಲ್ಲಿ ಕೆಲವರು ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆಯಾದರು. ನಮ್ಮ ಘಟ್ಟದ ಕೆಳಗೇ ಇದ್ದಾರೆ, ಹೋಗಿ ಮಾತಾಡಿಸಬಹುದು.

ಅಸ್ಸಾಮಿನವನ ಮತ ಅಸ್ಸಾಮಿನಲ್ಲಿದೆ. ಹಾಗಾಗಿ ನಮ್ಮ ಪಂಚಾಯಿತಿ ಸದಸ್ಯರಿಗೆ ಅವನ ನೆನಪಾಗುವುದು ಗಲಾಟೆಯಾದಾಗ ಮಾತ್ರ. ರೊಬಸ್ಟಾ ಕಾಫಿಯ ಕೊಯ್ಲಿನ ಹೊತ್ತಿಗಾದರೂ, ಪೊಲೀಸರು ತಪಾಸಣೆಗೆ ಹೋಗುವ ದಿನವೇ ಕಾರ್ಮಿಕ ಇಲಾಖೆಯವರೂ ಹೋಗಿ ತೂಕದ ಚೀಟಿ, ಮುಂಗಡದ ಪಟ್ಟಿ ನೋಡಲಿ. ಕಡಿತದ ಲೆಕ್ಕ ತೋರಿಸದ ಮೇಸ್ತ್ರಿಯ ಮೇಲೆ ಅಲ್ಲೇ ಕೇಸು ಹಾಕಲಿ.

– ಓದುಗ, ಮೂಡಿಗೆರೆ