ಅಪ್ಪನ ಕೆಮ್ಮು, ಲಂಡನ್ನಿನ ಅರಬ್ ಹಾಲ್

ಅಮ್ಮಾ, ನಮಸ್ಕಾರ. ನಾವೆಲ್ಲ ಇಲ್ಲಿ ಆರಾಮ್. ನಿನ್ನ ಪತ್ರ ಬಂತು, ಅಪ್ಪ ಹಿತ್ಲಲ್ಲಿ ಕದ್ದು ಬೀಡಿ ಸೇದ್ತಾರೆ, ರಾತ್ರಿಯೆಲ್ಲಾ ಕೆಮ್ತಾರೆ ಅಂತ ಓದಿ ನಿದ್ದೆನೇ ಹತ್ಲಿಲ್ಲ. ಫೋನಲ್ಲಿ ಕೇಳೋಣ ಅಂದ್ರೆ ಅವ್ರು ಪಕ್ಕದಲ್ಲೇ ಕೂತಿರ್ತಾರೆ ನೀನು ಬಾಯಿ ಬಿಡಲ್ಲ, ಅದಕ್ಕೇ ಬರೀತಿದೀನಿ. ಸುಮಂಗೆ ಹೇಳು, ಈ ವಾರನೇ ಎದೆ ಎಕ್ಸ್‌ರೇ ಮಾಡಿಸ್ಲಿ, ಕಫನೂ ಟೆಸ್ಟಿಗೆ ಕೊಡ್ಲಿ. ದುಡ್ಡು ಅವಳ ಅಕೌಂಟಿಗೆ ಹಾಕಿದೀನಿ.

ಮೊನ್ನೆ ಶನಿವಾರ ಕೆನ್ಸಿಂಗ್ಟನ್ ಕಡೆ ಲೇಟನ್ ಹೌಸ್ ನೋಡೋಕ್ ಹೋಗಿದ್ವಿ. ಲೇಟನ್ ಅನ್ನೋ ಚಿತ್ರಕಾರನ ಮನೆ, 1896ರಲ್ಲಿ ತೀರ್ಕೊಂಡ್ರು. ಹೊರಗಿಂದ ಬರೀ ಕೆಂಪು ಇಟ್ಟಿಗೆ, ಒಳಗೆ ಅರಬ್ ಹಾಲಿಗೆ ಕಾಲಿಟ್ರೆ ಮೇಲೆ ಚಿನ್ನದ ಬಣ್ಣದ ಗುಮ್ಮಟ, ನೆಲದ ಮಧ್ಯ ಕರಿ ಅಮೃತಶಿಲೆ ಕಾರಂಜಿ, ಗೋಡೆ ತುಂಬಾ ಡಮಾಸ್ಕಸ್ ಕಡೆಯ 16-17ನೇ ಶತಮಾನದ ನೀಲಿ ಟೈಲ್ಸ್! ಬೀದರ್ ಮದರಸಾ ಗೋಡೇಲಿ ಅಲ್ಲಲ್ಲಿ ಉಳಿದಿದೆಯಲ್ಲ, ಅದೇ ನೆನಪಾಗಿ ಕಣ್ಣು ತುಂಬ್ತು. ಒಡೆದು ಹೋಗಿದ್ದ ಕಡೆ ಡಿ ಮಾರ್ಗನ್ ಅನ್ನೋರು ಹೊಸದು ಮಾಡಿ ಕೂರ್ಸಿದಾರೆ, ಎಷ್ಟು ಹತ್ರ ಹೋಗಿ ನೋಡಿದ್ರೂ ಯಾವ್ದು ಹಳೇದು ಯಾವ್ದು ಹೊಸದು ನಂಗಂತೂ ಗೊತ್ತಾಗ್ಲಿಲ್ಲ. ಆದ್ರೆ ಯಾರದೋ ಊರಿನ ಗೋಡೆ ಮೇಲೆ ಇರ್ಬೇಕಾದ್ದು ಹೀಗೆ ಒಬ್ಬರ ಮನೆ ಸೇರ್ಕೊಂಡಿದ್ದು ಸರಿ ಅಂತ ನಂಗೆ ಅನ್ಸಲ್ಲ.

ಆ ಕಾಲಕ್ಕೆ ಇಲ್ಲಿ ದೊಡ್ಡ ಮನೆಗಳಲ್ಲಿ ಗಂಡಸ್ರು ಸೇದೋಕಂತ್ಲೇ ಬೇರೆ ರೂಮು, ಅದನ್ನೂ ಎಷ್ಟೋ ಜನ ಟರ್ಕಿ, ಅರಬ್ ಥರಾನೇ ಸಿಂಗರಿಸ್ತಿದ್ರು. ವೇಲ್ಸಿನ ಕಾರ್ಡಿಫ್ ಕೋಟೇಲಿ ಒಂದೇ ಗೋಪುರದಲ್ಲಿ ಚಳಿಗಾಲಕ್ಕೊಂದು ಬೇಸಿಗೆಗೊಂದು ಸ್ಮೋಕಿಂಗ್ ರೂಮ್ ಇದೆ, ಅದೇ ಕೋಟೇಲಿ ಬೇರೆ ಕಡೆ ಬಂಗಾರದ ಚಾವಣಿಯ ಅರಬ್ ರೂಮೂ ಇದೆ, ಅದು 1881ರದ್ದು. ಬಟ್ಟೆಗೆ ವಾಸ್ನೆ ಹತ್ತಬಾರ್ದು ಅಂತ ಮೇಲೊಂದು ವೆಲ್ವೆಟ್ ಜಾಕೆಟ್, ಕೂದ್ಲಿಗೆ ಹತ್ತಬಾರ್ದು ಅಂತ ಟೋಪಿ. ಬಟ್ಟೆ ಕಾಪಾಡ್ಕೊಂಡ್ರು, ಕೂದ್ಲು ಕಾಪಾಡ್ಕೊಂಡ್ರು, ಎದೆ ಒಳಗೆ ಏನಾಗುತ್ತೆ ಅಂತ ಯಾರೂ ಯೋಚ್ನೆ ಮಾಡ್ಲಿಲ್ಲಮ್ಮ. ಅಪ್ಪಂದೂ ಅದೇ ಅಲ್ವಾ, ಏಲಕ್ಕಿ ಬಾಯಿಗೆ ಹಾಕ್ಕೊಂಡ್ರೆ ಆಯ್ತಾ? ಇದನ್ನ ಅವ್ರಿಗೆ ಓದಿ ಹೇಳು, ಬೈದ್ರೆ ನನ್ನ ಬೈಲಿ.

ನಮ್ಮ ಚಿಂತೆ ಬಿಡು, ಕೆಲ್ಸ ಚೆನ್ನಾಗಿದೆ, ಊಟ ನಿದ್ದೆ ಎಲ್ಲಾ ಸರಿಯಾಗಿದೆ, ದುಡ್ಡಿಗೇನೂ ತೊಂದ್ರೆ ಇಲ್ಲ, ನಿಜವಾಗ್ಲೂ ಇಲ್ಲ. ಜಾಸ್ತಿ ಖರ್ಚಾದ್ರೂ ದೊಡ್ಡ ಡಾಕ್ಟರ್ ಹತ್ರನೇ ತೋರ್ಸಿ. ಪಾಪುನ ಸ್ಕೂಲಿಂದ ಕರ್ಕೊಂಡು ಬರೋ ಹೊತ್ತಾಯ್ತು, ರಿಪೋರ್ಟ್ ಬಂದ ತಕ್ಷಣ ಸುಮ ಫೋಟೋ ಹಾಕ್ಲಿ, ಮರೀಬೇಡಿ.

ಇಂತಿ ನಿನ್ನ
ಶಾರಿ