ವಾರ್ಡಿನ ಸಿಸ್ಟರ್‌ಗೆ, ಡಾಕ್ಟರಿಗೆ, ಆ ರಾತ್ರಿ ಓಡಿ ಬಂದವರಿಗೆ

ಮೊನ್ನೆ ಅಮ್ಮನ ವಾರ್ಫರಿನ್ ಮಾತ್ರೆ, ಅಂದರೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ, ನಿಂತಿತು. ಮೂರು ತಿಂಗಳು ನುಂಗಿದ್ದರು. ಆಸ್ಪತ್ರೆಯಿಂದ ಬಂದವರೇ ಕೋಲು ಬದಿಗಿಟ್ಟು ಹಿತ್ತಲಿನ ದಾಸವಾಳ ನೋಡಲು ಹೋದರು. ಈಗಲೂ ಥ್ಯಾಂಕ್ಸ್ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಮೊದಲು ನೈಟ್ ಡ್ಯೂಟಿ ಸಿಸ್ಟರ್‌ಗೆ. ಮಂಡಿ ಆಪರೇಷನ್ ಆದ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ಅಮ್ಮನ ಹೊಟ್ಟೆಗೆ ದಿನಾ ಹೆಪಾರಿನ್ ಚುಚ್ಚುತ್ತಿದ್ದರು. ಏಳನೇ ದಿನ ಪ್ಲೇಟ್‌ಲೆಟ್ 88,000 ಎಂದು ರಿಪೋರ್ಟ್ ಬಂತು. ಡೆಂಗಿ ಇರಬೇಕು ಅಂದುಕೊಂಡೆವು. ಸಿಸ್ಟರ್ ಮಾತ್ರ ಫೈಲು ಹಿಂದಕ್ಕೆ ತಿರುವಿ, ಆಪರೇಷನ್‌ಗೆ ಮುಂಚಿನ 2,40,000ದ ಮೇಲೆ ಬೆರಳಿಟ್ಟರು. "ಅರ್ಧಕ್ಕಿಂತ ಜಾಸ್ತಿ ಇಳಿದಿದೆ, ಜ್ವರವೂ ಇಲ್ಲ" ಎಂದರು. ತುಂಬಿಟ್ಟಿದ್ದ ಸಿರಿಂಜನ್ನು ಟ್ರೇಗೆ ವಾಪಸ್ ಹಾಕಿ ಡಾಕ್ಟರಿಗೆ ಫೋನ್ ಮಾಡಿದರು. ಆ ಒಂದು ಡೋಸ್ ತಪ್ಪಿಸಿದ ಕೈಗೆ ನಮಸ್ಕಾರ.

ಡಾಕ್ಟರು ಬಂದು ಅಮ್ಮನ ಎಡಗಾಲಿನ ಮೀನಖಂಡ ಒತ್ತಿದರು. ಊದಿತ್ತು. ರಕ್ತದ ಓಟ ನೋಡುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಹೆಪ್ಪು ಕಂಡಿತು. ಹೆಪಾರಿನ್ ಶುರುವಾದ ಐದರಿಂದ ಹತ್ತು ದಿನದೊಳಗೆ ಕೆಲವರ ಮೈಯಲ್ಲಿ ಅದರ ವಿರುದ್ಧ ಪ್ರತಿಕಾಯ (ಆಂಟಿಬಾಡಿ) ಹುಟ್ಟಿ ಪ್ಲೇಟ್‌ಲೆಟ್‌ಗಳನ್ನು ಕೆರಳಿಸುತ್ತವಂತೆ. ಕೆರಳಿದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಹೆಪ್ಪಾಗುತ್ತಾ ಖರ್ಚಾಗುತ್ತವೆ. ಎಣಿಕೆ ಕಡಿಮೆ, ಆದರೆ ಹೆದರಬೇಕಾದದ್ದು ರಕ್ತ ಸೋರುವುದಕ್ಕಿಂತ ಹೆಪ್ಪುಗಟ್ಟುವುದಕ್ಕೆ. ಇದನ್ನು ನಡುರಾತ್ರಿ, ನಿಂತುಕೊಂಡೇ, ನನಗೆ ಅರ್ಥವಾಗುವ ತನಕ ಎರಡು ಸಲ ಹೇಳಿದರು.

ಅಷ್ಟರಲ್ಲಿ ದೊಡ್ಡಪ್ಪನ ಮಗ ಇಬ್ಬರು ಗೆಳೆಯರನ್ನು ಕರೆದುಕೊಂಡು ಪ್ಲೇಟ್‌ಲೆಟ್ ಕೊಡಲು ಬಂದಿದ್ದ. ಅತ್ತಿಗೆ ಪಪ್ಪಾಯಿ ಎಲೆಯ ರಸ ತಂದಿದ್ದರು. ಎರಡೂ ಬೇಡ ಎಂದರು ಡಾಕ್ಟರು. ತುಂಬಾ ರಕ್ತ ಹೋಗುತ್ತಿದ್ದರೆ ಮಾತು ಬೇರೆ, ಈಗ ಪ್ಲೇಟ್‌ಲೆಟ್ ಏರಿಸಿದರೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ ಅಂತ. ಕೊಡದೇ ವಾಪಸ್ ಹೋದ ಆ ಮೂವರ ಋಣವೂ ನನ್ನ ಮೇಲಿದೆ.

ಹೆಪಾರಿನ್ ಪೂರ್ತಿ ನಿಂತಿತು, ಡ್ರಿಪ್ ಹಾಕುವ ಕ್ಯಾನುಲಾ ತೊಳೆಯಲು ಬಳಸುವುದು ಕೂಡ. ಪ್ರತಿಕಾಯದ ಟೆಸ್ಟ್ ರಿಸಲ್ಟ್‌ಗೆ ಕಾಯದೆ ಹೆಪಾರಿನ್ ಬದಲಿಗೆ ಹೆಪ್ಪು ತಡೆಯುವ ಆರ್ಗಟ್ರೋಬಾನ್ ಎಂಬ ಔಷಧಿಯ ಡ್ರಿಪ್ ಹಾಕಿದರು. ಅದಕ್ಕಾಗಿ ಭಾವ ಬೆಳಗಿನ ಜಾವದವರೆಗೆ ಮೆಡಿಕಲ್ ಶಾಪ್‌ಗಳನ್ನು ಅಲೆದರು. ಎಣಿಕೆ 1,50,000 ದಾಟಿದ ಮೇಲಷ್ಟೇ ವಾರ್ಫರಿನ್ ಶುರುವಾಯಿತು. ಮುಂಚೆಯೇ ಕೊಟ್ಟರೆ ಹೆಪ್ಪು ಇನ್ನೂ ಜಾಸ್ತಿಯಾಗಬಹುದಂತೆ.

ಈಗ ಅಮ್ಮನ ಪರ್ಸಿನಲ್ಲಿ ಆಧಾರ್ ಕಾರ್ಡಿನ ಜೊತೆ ಒಂದು ಚೀಟಿ ಇದೆ. ಸಿಸ್ಟರ್ ಕೆಂಪು ಇಂಕಿನಲ್ಲಿ ಬರೆದದ್ದು: "ಹೆಪಾರಿನ್ ಕೊಡಬೇಡಿ."

ಸಿಸ್ಟರ್, ಅಮ್ಮ ನಿಮಗೆಂದೇ ಕೋಡುಬಳೆ ಕರಿದಿದ್ದಾರೆ. ಭಾನುವಾರ ಡ್ಯೂಟಿ ಇದೆಯಾ? ಈ ಸಲ ಅವರೇ ನಡೆದುಕೊಂಡು ಬಂದು ಕೊಡುತ್ತಾರಂತೆ.